ದೊರೆ ಬಂಗ್ಲೆಯ ಹಿಂಬಾಗಿಲು: ಹ್ಯಾಟನ್ ಚಹಾ ಸೀಮೆಯಲ್ಲಿ ಉಳಿದ ಅನುಭವ

ಶ್ರೀಲಂಕಾದ ಚಹಾ ಸೀಮೆಯಲ್ಲಿ ಹಳೇ ಬಂಗ್ಲೆಯಲ್ಲಿ ಉಳಿಯಬೇಕೆಂದು ಹುಡುಕಿದರೆ ಎರಡು ಬಗೆಯವು ಸಿಗುತ್ತವೆ. ಒಂದು, ಪೂರ್ತಿ ಹೋಟೆಲ್ ಆಗಿಬಿಟ್ಟಿರುವವು. ಗೋಡೆ, ಚಿಮಣಿ, ಅಂಗಳದ ಹುಲ್ಲು ಬ್ರಿಟಿಷರ ಕಾಲದ್ದೇ. ಈಜುಕೊಳ, ಸ್ಪಾ, ಡಾಲರಿನ ದರಪಟ್ಟಿ ಮಾತ್ರ ಈ ಕಾಲದ್ದು. ಇನ್ನೊಂದು, ತೋಟ ಇನ್ನೂ ನಡೆಯುತ್ತಿರುವಲ್ಲಿ, ಹಿಂದೆ ಮ್ಯಾನೇಜರೋ ಅಸಿಸ್ಟೆಂಟೋ ಇದ್ದ ಮನೆಯ ನಾಲ್ಕೈದು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟಿರುವಂಥದ್ದು. ನಾನು ಹಿಡಿದದ್ದು ಎರಡನೆಯದನ್ನು. ದುಡ್ಡಿನ ಲೆಕ್ಕ ಇರಲಿಲ್ಲ ಅಂತಲ್ಲ, ಆದರೆ ಅದೊಂದೇ ಕಾರಣವೂ ಅಲ್ಲ.

ನಮ್ಮ ಸುಳ್ಯದ ಕಡೆಯವರಿಗೆ ಲಂಕೆಯ ಚಹಾ ತೋಟ ಕೇಳಿ ಗೊತ್ತಿಲ್ಲದ ಸಂಗತಿಯೇನಲ್ಲ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಲಂಕೆಯ ಪ್ರಧಾನಿ ಸಿರಿಮಾವೋ ಬಂಡಾರನಾಯಕೆ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ತಲೆಮಾರುಗಳಿಂದ ಅಲ್ಲಿನ ತೋಟಗಳಲ್ಲಿ ದುಡಿದಿದ್ದ ಭಾರತ ಮೂಲದ ತಮಿಳರಲ್ಲಿ 5,25,000 ಮಂದಿಯನ್ನು ಭಾರತ ತೆಗೆದುಕೊಳ್ಳುವುದು, 3,00,000 ಮಂದಿಗೆ ಲಂಕೆ ಪೌರತ್ವ ಕೊಡುವುದು, ಉಳಿದವರ ಸಂಗತಿ ಆಮೇಲೆ ನೋಡುವುದು ಎಂದು. ಹಾಗೆ ಬಂದವರಲ್ಲಿ ಒಂದಷ್ಟು ಕುಟುಂಬಗಳನ್ನು ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆ ನಿಲ್ಲಿಸಿದರು. ಆ ಕಾಲನಿಗಳ ಮಕ್ಕಳು ನನ್ನ ಕ್ಲಾಸಿನಲ್ಲಿದ್ದರು. ಅವರಿಂದ ಹಿಡಿದ ತಮಿಳು ಈಗಲೂ ಬಾಯಲ್ಲಿ ಉಂಟು. ಹ್ಯಾಟನ್, ಡಿಕೋಯ, ಬೊಗವಂತಲಾವ ಎಂಬ ಹೆಸರುಗಳನ್ನು ಭೂಪಟದಲ್ಲಿ ಕಾಣುವ ಮೊದಲೇ ಅವರ ಮನೆಯ ಹಿರಿಯರ ಬಾಯಲ್ಲಿ ಕೇಳಿದ್ದೆ. ಆ ಊರುಗಳನ್ನು ಸ್ಪಾದ ಕಿಟಕಿಯಿಂದ ನೋಡುವುದು ನನಗೆ ಬೇಡವಿತ್ತು.

ಕೋಣೆ ಕಾದಿರಿಸುವಾಗ ಜಾಲತಾಣದ ಚಿತ್ರ ನಂಬಿ ಕೂರಬೇಡಿ, ಫೋನ್ ಮಾಡಿ ಮಾತಾಡಿ. ತೋಟದಲ್ಲಿ ಕೆಲಸ ನಡೀತಾ ಉಂಟಾ, ಫ್ಯಾಕ್ಟರಿಗೆ ಎಷ್ಟು ನಡೆಯಬೇಕು, ಊಟ ದರದಲ್ಲೇ ಸೇರಿದೆಯಾ, ರಾತ್ರಿ ಕೋಣೆಯಲ್ಲಿ ಬೆಂಕಿ ಹಾಕುತ್ತಾರಾ. ಎಲ್ಲಕ್ಕಿಂತ ಮುಖ್ಯ, ಕೊನೆಯ ಒಂದೆರಡು ಮೈಲಿಗೆ ಯಾವ ಗಾಡಿ ಬರುತ್ತದೆ ಎಂದು ಕೇಳಿ. ತೋಟದ ರಸ್ತೆಗಳು ಲಾರಿ, ಟ್ರ್ಯಾಕ್ಟರಿಗೆಂದೇ ಇರುವವು. ತಗ್ಗಿನ ಬಾಡಿಗೆ ಕಾರಿನವರು ಅರ್ಧದಲ್ಲೇ ಕೈ ಎತ್ತುತ್ತಾರೆ. ಅಲ್ಲಿನವರು ತ್ರೀವೀಲ್ ಎನ್ನುವ ನಮ್ಮ ರಿಕ್ಷಾ ಎಂಥ ಏರಿಗೂ ಹೋಗುತ್ತದೆ, ಬೆನ್ನು ಮಾತ್ರ ಗಟ್ಟಿ ಇರಬೇಕು.

ಹೋಗುವುದಾದರೆ ಜನವರಿಯಿಂದ ಮಾರ್ಚ್ ಒಳಗೆ ಹೋಗಿ. ನಮ್ಮ ಕರಾವಳಿಗೆ ಮಳೆ ತರುವ ಅದೇ ನೈಋತ್ಯ ಮಾರುತ ಆ ಇಳಿಜಾರನ್ನೂ ಹಿಡಿಯುತ್ತದೆ. ಮೇ ಕಳೆದರೆ ಬಂಗ್ಲೆಯ ತಗಡಿನ ಮಾಡಿನಡಿ ಕೂತು ಸದ್ದು ಕೇಳುವುದೇ ಕೆಲಸ. ವರ್ಷದ ಮೊದಲ ಮೂರು ತಿಂಗಳಲ್ಲಿ ಒಣ ಗಾಳಿ, ತಣ್ಣನೆ ರಾತ್ರಿ. ಡಿಂಬುಲ, ಡಿಕೋಯ ಸೀಮೆಯ ಅತ್ಯುತ್ತಮ ಚಹಾ ಆಗುವುದೂ ಆಗಲೇ. ತೊಡಕು ಒಂದೇ: ಡಿಸೆಂಬರ್ ಹುಣ್ಣಿಮೆಯಿಂದ ಮೇ ಹುಣ್ಣಿಮೆವರೆಗೆ ಶ್ರೀಪಾದ ಬೆಟ್ಟದ ಯಾತ್ರೆ, ಯಾತ್ರಿಕರು ಇಳಿಯುವುದು ಹ್ಯಾಟನ್ ಸ್ಟೇಷನ್ನಿನಲ್ಲಿ. ಶನಿವಾರ, ಭಾನುವಾರ ಮತ್ತು ಹುಣ್ಣಿಮೆಯ ಪೋಯ ರಜೆ ತಪ್ಪಿಸಿಕೊಳ್ಳಿ, ಇಲ್ಲದಿದ್ದರೆ ರೈಲಿನಲ್ಲಿ ಕಾಲಿಡಲೂ ಜಾಗ ಇರದು. ಪೋಯದ ದಿನ ದೇಶದಲ್ಲೆಲ್ಲೂ ಮದ್ಯ ಮಾರುವುದಿಲ್ಲ, ಬೇಕಾದವರು ನೆನಪಿಟ್ಟುಕೊಳ್ಳಿ.

ಬಂಗ್ಲೆಯ ಮುಂಬಾಗಿಲಲ್ಲಿ ನಿಂತರೆ ಎಲ್ಲ ಪುಸ್ತಕದ ಚಿತ್ರದ ಹಾಗೇ. ಹುಲ್ಲು, ಗುಲಾಬಿ, ಕೆಳಗೆ ಕ್ಯಾಸಲ್‌ರೇ ಜಲಾಶಯದ ನೀರು, ಆಚೆ ಸಾಲು ಸಾಲು ಚಹಾ. ಒಳಗೆ ಕೆಂಪು ಸಿಮೆಂಟಿನ ನೆಲ, ಮೂರು ಕಡೆ ಗಾಜಿರುವ ಉಬ್ಬುಕಿಟಕಿ, ಪ್ರತಿ ಕೋಣೆಗೂ ಒಂದು ಬೆಂಕಿಗೂಡು. ಭೂಮಧ್ಯರೇಖೆಯ ಇಷ್ಟು ಹತ್ತಿರ ಬೆಂಕಿಗೂಡು ಎಂದರೆ ನಗಬೇಡಿ, ರಾತ್ರಿ ಎಂಟರ ಮೇಲೆ ಅದರ ಬೆಲೆ ತಿಳಿಯುತ್ತದೆ. ಊಟದ ಮೇಜಿನ ಕೆಳಗೆ, ಯಜಮಾನ ಕೂರುವ ಕಡೆ, ಕಾಲಿನಿಂದ ಒತ್ತುವ ಹಿತ್ತಾಳೆ ಗುಂಡಿಯೊಂದಿತ್ತು. ಒತ್ತಿದೆ, ಏನೂ ಆಗಲಿಲ್ಲ. ಅದರ ಇನ್ನೊಂದು ತುದಿಯನ್ನು ಹುಡುಕಿಕೊಂಡು ಉದ್ದನೆ ಓಣಿ ದಾಟಿ ಹಿಂದಿನ ಅಡುಗೆಮನೆಗೆ ಹೋದೆ. ಅಲ್ಲಿ ಗೋಡೆಯ ಮೇಲೆ ಕೋಣೆಗಳ ಹೆಸರಿದ್ದ ಮರದ ಹಲಗೆ, ಅದರ ಮೇಲೊಂದು ಗಂಟೆ. ತಂತಿ ಕಿತ್ತು ಹೋಗಿ ಎಷ್ಟೋ ವರ್ಷ ಆಯಿತಂತೆ. "ಆದರೂ ಪಾಲಿಷ್ ಮಾಡದಿದ್ದರೆ ಮ್ಯಾನೇಜರು ಬಯ್ತಾರೆ" ಎಂದರು ಅಡುಗೆಯವರು, ತಮಿಳಿನಲ್ಲಿ. ನಾನೂ ತಮಿಳಿನಲ್ಲೇ ಉತ್ತರ ಕೊಟ್ಟೆ. ಅಲ್ಲಿಂದ ಮುಂದೆ ನಾನು ಉಳಿದದ್ದು ಹೆಸರಿಗೆ ಮಾತ್ರ ಮುಂದಿನ ಕೋಣೆಯಲ್ಲಿ.

ಅಡುಗೆಮನೆಯ ಹಿಂಬಾಗಿಲು ತೆರೆದರೆ ಕೆಳಗೆ ಕಾರ್ಮಿಕರ ಲೈನ್ ಮನೆಗಳು. ಉದ್ದಕ್ಕೆ ಒಂದೇ ಮಾಡು, ಗೋಡೆಗೆ ಗೋಡೆ ಹಚ್ಚಿದ ಒಂದೊಂದು ಕೋಣೆ, ಮುಂದೆ ಕೂರಲೊಂದು ಕಟ್ಟೆ, ಹಗ್ಗದಲ್ಲಿ ಒಣಗುವ ಶಾಲೆಯ ಬಿಳಿ ಸಮವಸ್ತ್ರ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟ ನೋಡಿದವರಿಗೆ ಗುರುತು ಹೇಳಬೇಕಾಗಿಲ್ಲ. ಮುಂದಿನ ಜಗಲಿಯಲ್ಲಿ ಎಲ್ಲಿ ಕೂತರೂ ಈ ಮಾಡು ಕಣ್ಣಿಗೆ ಬೀಳುವುದಿಲ್ಲ. ಗುಡ್ಡದ ನೆತ್ತಿ ಹುಡುಕಿ, ದಿಕ್ಕು ನೋಡಿ, ಹಾಗೇ ಕಟ್ಟಿದ್ದಾರೆ. ಜಗಲಿಯಲ್ಲೇ ಕೂತು ವಾಪಸು ಹೋಗುವ ಅತಿಥಿಗೆ ತೋಟದಲ್ಲಿ ಜನ ಇದ್ದಾರೆ ಎಂಬುದೇ ತಿಳಿಯದೆ ಹೋಗಬಹುದು. ಈ ಬಂಗ್ಲೆಗಳ ಬಗ್ಗೆ ಬರೆಯುವ ಹೆಚ್ಚಿನವರು ಆ ಜಗಲಿಯನ್ನೇ ಬರೆಯುತ್ತಾರೆ.

ಅಡುಗೆಯವರ ಅತ್ತೆಯೊಬ್ಬರು ಒಪ್ಪಂದದಲ್ಲಿ ಭಾರತಕ್ಕೆ ಹೋದವರು. ತಲೈಮನ್ನಾರಿನಲ್ಲಿ ಹಡಗು ಹತ್ತಿದ್ದು, ರಾಮೇಶ್ವರದ ಬಳಿಯ ಮಂಡಪಂ ಕ್ಯಾಂಪಿನಿಂದ ಒಂದು ಕಾಗದ ಬಂದದ್ದು, ಅಲ್ಲಿವರೆಗೆ ಗೊತ್ತು. ಸುಳ್ಯದಲ್ಲೂ ನಿಮ್ಮವರು ಇದ್ದಾರೆ ಎಂದಾಗ ತೆಂಗಿನಕಾಯಿ ತುರಿಯುವುದು ನಿಲ್ಲಿಸಿದರು.

"ಅಲ್ಲಿ ಚಹಾವಾ?"

"ಅಲ್ಲಣ್ಣ, ರಬ್ಬರ್."

"ತೋಟ ಯಾರದ್ದು?"

"ಸರ್ಕಾರದ್ದು."

"ಮನೆ?"

"ಸಾಲಿನಲ್ಲೇ."

"ಹಾಗಾದರೆ ಸಮುದ್ರ ದಾಟಿದ್ದು ಯಾಕಂತೆ?" ಎಂದು ನಕ್ಕು ಮತ್ತೆ ತುರಿಯತೊಡಗಿದರು.

ಊಟದ ಸಂಗತಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಏನೂ ಹೇಳದೆ ಬಿಟ್ಟರೆ ನಿಮಗೆ ಸಿಗುವುದು ದೊರೆಗಳ ಊಟ: ಸೂಪು, ಬೇಯಿಸಿದ ತರಕಾರಿ, ಕೋಳಿ ರೋಸ್ಟ್, ಕ್ಯಾರಮೆಲ್ ಪುಡ್ಡಿಂಗ್. ಮಾಡುವವರಿಗೂ ಬೇಸರ, ತಿನ್ನುವವರಿಗೂ ಬೇಸರ. ನೀವು ತಿನ್ನುವುದನ್ನೇ ಕೊಡಿ ಎಂದು ಮೊದಲ ಸಂಜೆಯೇ ಕೇಳಿಬಿಡಿ. ಬೆಳಿಗ್ಗೆ ಕೆಂಪಕ್ಕಿಯ ಇಡಿಯಾಪ್ಪ ಬರುತ್ತದೆ, ನಮ್ಮ ಸೇಮಿಗೆಯೇ, ಅಂಗೈಯಗಲದ ಬಿಲ್ಲೆಗಳಾಗಿ. ಜತೆಗೆ ತೆಂಗಿನ ಹಾಲು ಹಾಕಿದ ಬೇಳೆಯ ಪರಿಪ್ಪು ಮತ್ತು ಕಾಯಿತುರಿ, ಒಣಮೆಣಸು, ಈರುಳ್ಳಿ, ನಿಂಬೆಹುಳಿ ಹಾಕಿ ಅರೆದ ಪೊಲ್ ಸಂಬಲ್. ಸಸ್ಯಾಹಾರಿಗಳೇ, ಸಂಬಲ್‌ಗೆ ಒಣಮೀನಿನ ಪುಡಿ ಹಾಕುವುದು ಅಲ್ಲಿನ ವಾಡಿಕೆ. ಅದಕ್ಕೆ ಉಂಬಲಕಡ ಎನ್ನುತ್ತಾರೆ. ಮೀನು ಬೇಡ ಎಂದರೆ ಸಾಲದು, ಉಂಬಲಕಡವೂ ಬೇಡ ಎಂದು ಹೆಸರು ಹಿಡಿದು ಹೇಳಿ. ರಾತ್ರಿ ಊಟದ ಮೇಲೆ ಎಮ್ಮೆ ಮೊಸರಿಗೆ ಕಿತುಲ್ ಪಾಕ ಸುರಿದು ಕೊಡುತ್ತಾರೆ. ಕಿತುಲ್ ಎಂದರೆ ನಮ್ಮ ಕಾಡಿನ ಬೈನೆ ಮರ. ನಾವು ಅದರ ಕಳ್ಳು ಕುಡಿದು ಮುಗಿಸುತ್ತೇವೆ. ಅವರು ಸಿಹಿ ರಸವನ್ನು ಕಾಯಿಸಿ ಕಾಕಂಬಿ ಮಾಡಿ ವರ್ಷವಿಡೀ ಇಟ್ಟುಕೊಳ್ಳುತ್ತಾರೆ. ಇದನ್ನು ನಮ್ಮವರು ಯಾಕೆ ದೊಡ್ಡದಾಗಿ ಮಾಡುವುದಿಲ್ಲವೋ.

ಈ ಬೆಟ್ಟಗಳ ಕಾಡು ಕಡಿದದ್ದು ಚಹಾಕ್ಕಾಗಿ ಅಲ್ಲ, ಕಾಫಿಗಾಗಿ. 1869ರಲ್ಲಿ ಲಂಕೆಯ ಕಾಫಿಗೆ ಎಲೆತುಕ್ಕು ರೋಗ ಕಾಣಿಸಿಕೊಂಡಿತು. ಕೊಡಗಿನವರು ಇಂದಿಗೂ ಬೋರ್ಡೋ ದ್ರಾವಣ ಹೊಡೆದು ತಡೆಯುವುದು ಅದನ್ನೇ. ಆಗ ಬೋರ್ಡೋ ಇನ್ನೂ ಹುಟ್ಟಿರಲಿಲ್ಲ, ಇಪ್ಪತ್ತು ವರ್ಷದೊಳಗೆ ದ್ವೀಪದ ಕಾಫಿ ನೆಲಕಚ್ಚಿತು. ಕ್ಯಾಂಡಿ ಹತ್ತಿರದ ಲೂಲ್‌ಕಂದುರ ತೋಟದಲ್ಲಿ ಜೇಮ್ಸ್ ಟೇಲರ್ ಎಂಬ ಸ್ಕಾಟಿಷ್ ಪ್ಲಾಂಟರ್ 1867ರಲ್ಲೇ 19 ಎಕರೆಗೆ ಚಹಾ ಹಾಕಿದ್ದ. ಉಳಿದವರೂ ಅದೇ ದಾರಿ ಹಿಡಿದರು. ಬೊಗವಂತಲಾವದ ಸೇಂಟ್ ಮೇರಿ ಚರ್ಚಿನ ಹಿತ್ತಲಲ್ಲಿ ಆ ಕಾಫಿ ಕಾಲದ ಒಂದು ಸಮಾಧಿ ಇದೆ, ಬಿಡದೆ ನೋಡಿ. ಹೆಸರಾಂತ ಛಾಯಾಗ್ರಾಹಕಿ ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ 1879ರಲ್ಲಿ ಡಿಕೋಯದಲ್ಲಿ ತೀರಿಕೊಂಡು ಅಲ್ಲಿ ಮಣ್ಣಾದಳು. ಗಂಡನ ಕಾಫಿ ಜಮೀನಿಗಾಗಿ ಇಲ್ಲಿಗೆ ಬಂದವಳು. ಹೊರಡುವಾಗ ಇಬ್ಬರ ಶವಪೆಟ್ಟಿಗೆಗಳನ್ನೂ ಸಾಮಾನಿನ ಜತೆ ತಂದಿದ್ದರಂತೆ. ಮುಂದಾಲೋಚನೆ ಎಂದರೆ ಇದು.

1975ರಲ್ಲಿ ಕಂಪನಿಗಳ ತೋಟಗಳನ್ನು ಸರ್ಕಾರ ವಹಿಸಿಕೊಂಡಿತು, 1992ರಲ್ಲಿ ಆಡಳಿತವನ್ನು ಮತ್ತೆ ಖಾಸಗಿಯವರಿಗೆ ಒಪ್ಪಿಸಿತು. ದೊರೆಗಳು ಹೋದ ಮೇಲೆ ಇಷ್ಟು ದೊಡ್ಡ ಮನೆಗಳನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ನಮ್ಮಂಥ ಅತಿಥಿಗಳೇ ಉತ್ತರ.

ಬೆಳಿಗ್ಗೆ ಎದ್ದು ತೂಕದ ಕೊಟ್ಟಿಗೆಗೆ ಹೋಗಿ ನಿಂತರೆ ತೋಟ ಅರ್ಥ ಆಗುತ್ತದೆ. ಎರಡೆಲೆ ಒಂದು ಕುಡಿ ಚಿವುಟಿ ತಂದ ಚೀಲಗಳನ್ನು ಕೊಕ್ಕೆ ತಕ್ಕಡಿಗೆ ತಗುಲಿಸುತ್ತಾರೆ. ಲೆಕ್ಕ ಬರೆಯುವ ಕಣಕ್ಕಪಿಳ್ಳೆ ಅಂಕಿ ಕೂಗುತ್ತಾನೆ, ಚೀಲದ್ದು, ಎಲೆಯ ನೀರಿನದ್ದು ಎಂದು ಒಂದಷ್ಟು ಕಳೆದು ಬರೆಯುತ್ತಾನೆ. ಒಬ್ಬ ಹೆಂಗಸು ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯಲೇ ಇಲ್ಲ. ಅವನು ಬರೆದದ್ದನ್ನು ಬಗ್ಗಿ ನೋಡಿ, ಆಮೇಲೆ ಚೀಲ ಎತ್ತಿಕೊಂಡಳು. ದಿನಗೂಲಿಯನ್ನು ಸಾವಿರ ಲಂಕಾ ರೂಪಾಯಿಗೆ ಏರಿಸಿದ್ದು 2021ರಲ್ಲಿ, ಅದೂ ವರ್ಷಗಟ್ಟಲೆ ಹೋರಾಡಿದ ಮೇಲೆ. ಆದ್ದರಿಂದ ಚಹಾ ಕೊಯ್ಯುವವರನ್ನು ಫೋಟೋಕ್ಕೆಂದು ನಿಲ್ಲಿಸಬೇಡಿ. ನಿಮಗೆ ಎರಡು ನಿಮಿಷ, ಅವರಿಗೆ ತೂಕ.

ಫ್ಯಾಕ್ಟರಿಗೆ ಸಾಧ್ಯವಾದರೆ ಎರಡು ಹೊತ್ತಿನಲ್ಲಿ ಹೋಗಿ. ರಾತ್ರಿ ಮೇಲಿನ ಅಟ್ಟದಲ್ಲಿ ಎಲೆಯನ್ನು ಉದ್ದನೆ ತೊಟ್ಟಿಗಳಲ್ಲಿ ಹರಡಿ ಅಡಿಯಿಂದ ಗಾಳಿ ಬಿಟ್ಟು ಬಾಡಿಸುತ್ತಾರೆ, ಹಸಿ ಹುಲ್ಲಿನ ವಾಸನೆ. ನಸುಕಿನಲ್ಲಿ ಅದನ್ನೇ ಉರುಳು ಯಂತ್ರಕ್ಕೆ ಹಾಕುವಾಗ ಆ ವಾಸನೆ ಮಾಗಿದ ಹಣ್ಣಿನ ಕಡೆ ತಿರುಗುತ್ತದೆ. ಮಧ್ಯಾಹ್ನ ಹೋಗುವ ಪ್ರವಾಸಿಗೆ ಸಿಗುವುದು ಗುಡಿಸಿದ ನೆಲ ಮಾತ್ರ. ಚಹಾಪುಡಿ ಕೊಳ್ಳುವುದಿದ್ದರೆ ಅಲ್ಲೇ ಕೊಳ್ಳಿ. ಹಾಲಿಲ್ಲದ ಬರೀ ಕಣ್ಣ ಚಹಾಕ್ಕೆ ಬಿಒಪಿ ಎಂಬ ದರ್ಜೆಯ ಪುಡಿ, ಹಾಲು ಹಾಕುವ ನಮ್ಮವರಿಗೆ ಅದಕ್ಕಿಂತ ಸಣ್ಣದಾದ ಬಿಒಪಿಎಫ್ ಸರಿ. ಊರಿಗೆ ಮರಳಿದ ಮೇಲೆ ಸುಳ್ಯದ ಕಾಲನಿಯ ಅಜ್ಜಿಯೊಬ್ಬರಿಗೆ ಒಂದು ಪೊಟ್ಟಣ ತಂದುಕೊಟ್ಟೆ. ಅಂಗೈಗೆ ಸುರಿದು ನೋಡಿ, "ಒಳ್ಳೇದನ್ನೆಲ್ಲ ಹೊರಗೆ ಕಳಿಸ್ತಾರೆ ಮಗಾ, ಆಗಲೂ ಹಾಗೇ" ಎಂದರು.

ಹೊರಡುವ ದಿನದ ವ್ಯವಹಾರ: ಬಿಲ್ಲಿನಲ್ಲಿ ಸೇವಾಶುಲ್ಕ ಇದ್ದರೂ ಅದು ಅಡುಗೆಮನೆಗೆ ತಲುಪುತ್ತದೆ ಎಂದುಕೊಳ್ಳಬೇಡಿ, ಅಲ್ಲಿನವರನ್ನೇ ಕೇಳಿ. ಅಡುಗೆಯವರು, ಬಟ್ಟೆ ಒಗೆಯುವವರು, ತೋಟದ ಮಾಲಿ, ರಾತ್ರಿ ಕಾವಲಿನವರು, ಎಲ್ಲರಿಗೂ ಬೇರೆ ಬೇರೆ ಕೊಡುವುದು ಒಳ್ಳೆಯದು, ಚಿಲ್ಲರೆಯನ್ನು ಹ್ಯಾಟನ್ ಪೇಟೆಯಲ್ಲೇ ಮಾಡಿಸಿಕೊಂಡು ಬನ್ನಿ. ಕೊಲಂಬೊಗೆ ಮರಳಲು ರೈಲಿನ ಕಾದಿರಿಸಿದ ಸೀಟು ಸಿಗದಿದ್ದರೆ ಚಿಂತೆ ಬೇಡ, ಹ್ಯಾಟನ್ ನಿಲ್ದಾಣದಿಂದ ಬಸ್ಸು ಉಂಟು. ಬೆಳಿಗ್ಗೆ ಬೇಗ ಹೋಗಿ ಎಡಬದಿಯ ಕಿಟಕಿ ಹಿಡಿಯಿರಿ, ತಿರುವುಗಳಿಗೆ ಹೊಟ್ಟೆ ಹಗುರ ಇದ್ದಷ್ಟೂ ಒಳ್ಳೆಯದು.