ಮರ ಸರ್ಕಾರದ್ದು, ದರಕು ನಮ್ಮದು: ಒಂದು ಸೊಪ್ಪಿನ ಬೆಟ್ಟವನ್ನು ಉಳಿಸಿಕೊಂಡ ಅನುಭವ

1998ರಲ್ಲಿ ಮನೆ ಹಿಸೆಯಾದಾಗ ನನ್ನ ಪಾಲಿಗೆ 1 ಎಕರೆ 30 ಗುಂಟೆ ಅಡಿಕೆ ತೋಟವೂ, ಅದರ ಬೆನ್ನಿಗಿರುವ ಸುಮಾರು 11 ಎಕರೆ ಸೊಪ್ಪಿನ ಬೆಟ್ಟವೂ ಬಂದವು. ತೋಟ ಚೆನ್ನಾಗಿಯೇ ಇತ್ತು. ಬೆಟ್ಟದ ಮೇಲ್ಭಾಗದಲ್ಲಿ ಮಾತ್ರ ಕೊಂಬೆಗಳನ್ನೆಲ್ಲ ಕಳೆದುಕೊಂಡು ಕಂಬಗಳಂತೆ ನಿಂತ ಮತ್ತಿ, ಹೊನಗಲು ಮರಗಳಿದ್ದವು; ಅವುಗಳ ನಡುವೆ ಎದೆಯೆತ್ತರದ ಯುಪಟೋರಿಯಂ ಕಳೆ ಬೆಳೆದಿತ್ತು; ಮಳೆಗೆ ಮಣ್ಣು ತೊಳೆದುಹೋಗಿ ಅಲ್ಲಲ್ಲಿ ಜಂಬಿಟ್ಟಿಗೆ ಎದ್ದು ಕಾಣುತ್ತಿತ್ತು. ಅಲ್ಲಿಂದ ಇಲ್ಲಿಯವರೆಗೆ ಆ ಬೆಟ್ಟದಲ್ಲಿ ನಾನು ಮಾಡಿದ್ದೇನು, ಎಲ್ಲಿ ತಪ್ಪಿದೆ, ನೆಲ ನೀರು ಪ್ರಾಣಿಗಳು ಖಾಸಗಿಯವರ ಕೈಯಲ್ಲಿರಬೇಕೋ ಸರ್ಕಾರದ ಕೈಯಲ್ಲಿರಬೇಕೋ ಎಂಬ ಪ್ರಶ್ನೆಯ ಬಗ್ಗೆ ನನ್ನ ಅಭಿಪ್ರಾಯ ಹೇಗೆ ಬದಲಾಗುತ್ತ ಬಂತು ಎಂಬುದನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ನಮ್ಮ ಸೀಮೆಯವರಲ್ಲದ ಓದುಗರಿಗೆ ಬೆಟ್ಟದ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕು. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಅಡಿಕೆ ತೋಟಕ್ಕೆ ಹೊಂದಿಕೊಂಡಂತೆ, ಎಕರೆಗೆ ಗರಿಷ್ಠ 9 ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿಯು ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಿಂದ ಬಂದದ್ದು. ಇದರಲ್ಲಿ ನೆಲವೂ ಮರಮಟ್ಟೂ ಸರ್ಕಾರದ್ದು. ಸೊಪ್ಪು ಕಡಿಯುವ, ದರಕು ಅಂದರೆ ಒಣಗಿ ಬಿದ್ದ ಎಲೆಯನ್ನು ಗುಡಿಸುವ, ಹುಲ್ಲು ಕೊಯ್ಯುವ, ಮನೆಬಳಕೆಗೆ ಒಣಕಟ್ಟಿಗೆ ತರುವ ಸವಲತ್ತು ಮಾತ್ರ ತೋಟದವನದು. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 79ನೆಯ ಕಲಮು ಈ ಸವಲತ್ತನ್ನು ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಜಮ್ಮಾ ಮತ್ತು ಬಾಣೆ ಎಂಬ ಇಂಥದೇ ಸವಲತ್ತಿನ ನೆಲಗಳ ಜೊತೆಯಲ್ಲಿ ಮುಂದುವರಿಸಿತು. ಹೀಗಾಗಿ ಬೆಟ್ಟವನ್ನು ಪೂರ್ತಿ ಖಾಸಗಿ ಎನ್ನುವಂತಿಲ್ಲ, ಪೂರ್ತಿ ಸಾರ್ವಜನಿಕ ಎನ್ನುವಂತೆಯೂ ಇಲ್ಲ.

ಹಿಸೆಗೆ ಮೊದಲು ನಮ್ಮ ಬೆಟ್ಟವನ್ನು ನಾಲ್ಕು ಮನೆಯವರು ಒಟ್ಟಾಗಿ ಬಳಸುತ್ತಿದ್ದರು. ಕೊಟ್ಟಿಗೆಗೆ ಹಾಸಲು ಸೊಪ್ಪು ಬೇಕಾದಾಗ ಪ್ರತಿಯೊಬ್ಬರೂ ಹತ್ತಿರದ ಮರಕ್ಕೆ ಏರುತ್ತಿದ್ದರು. ಈ ವರ್ಷ ನಾನು ಬಿಟ್ಟ ಕೊಂಬೆಯನ್ನು ನಾಳೆ ಇನ್ನೊಬ್ಬ ಕಡಿಯುತ್ತಾನೆ ಎಂಬ ಲೆಕ್ಕ ಎಲ್ಲರಲ್ಲಿಯೂ ಇತ್ತು. ಪೂರ್ವಕ್ಕೆ ತಾಗಿಕೊಂಡ ಇನ್ನೊಂದು ಮನೆತನದ ಬೆಟ್ಟ ಮಾತ್ರ ದಟ್ಟವಾಗಿತ್ತು. ಅವರದೂ ಇದೇ ಕಾನೂನು, ಇದೇ ಮಣ್ಣು, ಇದೇ ಮಳೆ. ಎರಡು ತಲೆಮಾರಿನಿಂದ ಒಂದೇ ಮನೆಯ ಬಳಕೆಯಲ್ಲಿತ್ತು ಎಂಬುದೊಂದೇ ವ್ಯತ್ಯಾಸ. ಇದನ್ನು ಕಂಡ ನಾನು, ಆಗ ಮೂವತ್ತರ ಹರೆಯದಲ್ಲಿದ್ದವನು, ಎಲ್ಲ ಬೆಟ್ಟವನ್ನೂ ತೋಟಿಗರ ಹೆಸರಿಗೇ ಮಾಡಿಕೊಟ್ಟುಬಿಟ್ಟರೆ ಕಾಡು ಉಳಿಯುತ್ತದೆ ಎಂದು ಸಭೆಗಳಲ್ಲಿ ವಾದಿಸುತ್ತಿದ್ದೆ.

ಮೊದಲು ಮಾಡಿದ ಕೆಲಸ ಅಗಳ, ಅಂದರೆ ದನ ತಡೆಯುವ ಕಂದಕ, ತೋಡಿಸಿದ್ದು. ಎರಡು ಬೇಸಿಗೆ ಹಿಡಿದು, ಮೂರು ಅಡಿ ಅಗಲ, ಮೂರು ಅಡಿ ಆಳಕ್ಕೆ ಕೈಯಿಂದಲೇ ತೋಡಿಸಿ, ಮಣ್ಣನ್ನು ಒಳಬದಿಗೆ ಏರಿ ಹಾಕಿಸಿ, ಏರಿಯ ಮೇಲೆ ಗ್ಲಿರಿಸಿಡಿಯಾ ಗೂಟಗಳನ್ನು ನೆಡಿಸಿದೆ. ಮೊದಲ ಮಳೆಗಾಲದಲ್ಲಿಯೇ ಇಳಿಜಾರಿನ ಅಗಳವೆಲ್ಲ ಹಳ್ಳವಾಗಿ ಕೊರೆದುಕೊಂಡು, ಕೆಂಪು ಮಣ್ಣು ನೇರವಾಗಿ ಕೆಳಗಿನ ತೋಟಕ್ಕೆ ಇಳಿಯಿತು. ದನ ತಡೆಯುವ ಅವಸರದಲ್ಲಿ ನೀರಿನ ಓಟವನ್ನು ನಾನು ಯೋಚಿಸಿಯೇ ಇರಲಿಲ್ಲ. ಮರುವರ್ಷ ಹತ್ತು ಹನ್ನೆರಡು ಅಡಿಗೊಂದರಂತೆ ಅಗಳದೊಳಗೆ ಮಣ್ಣಿನ ಅಡ್ಡಗಟ್ಟೆಗಳನ್ನು ಬಿಡಿಸಿದೆ. ಗಟ್ಟೆಯ ತುದಿ ನೆಲಮಟ್ಟಕ್ಕಿಂತ ಒಂದು ಅಡಿಯಾದರೂ ಕೆಳಗಿರಬೇಕು. ಇಲ್ಲವಾದರೆ ತುಂಬಿದ ನೀರು ಏರಿಯನ್ನೇ ಒಡೆದು ಹೊರಬೀಳುತ್ತದೆ. ಇಷ್ಟಾದ ಮೇಲೆ ಅಗಳವೇ ಉದ್ದಕ್ಕೂ ಇಂಗುಗುಂಡಿಗಳ ಸಾಲಾಯಿತು.

ಅಗಳ ಮುಗಿದು ದಾರಿಗೆ ದಣಪೆ (ಗೇಟು) ಹಾಕಿದ ವಾರದಲ್ಲಿಯೇ ಪಕ್ಕದ ಕೇರಿಯ ಹಿರಿಯ ಹೆಂಗಸೊಬ್ಬರು ಅಂಗಳಕ್ಕೆ ಬಂದು ನಿಂತರು. "ಹೆಗಡೇರೇ, ಬೆಟ್ಟ ನಿಮ್ದಲ್ಲ ಅಂತ ನಾವು ಯಾವತ್ತೂ ಹೇಳಿದ್ದಿಲ್ಲ. ಆದ್ರೆ ಒಲೆಗೆ ಎಂತ ಹಾಕೂದು ಹೇಳಿ" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ತೋಟವಿಲ್ಲದವರಿಗೆ ಬೆಟ್ಟದ ಸವಲತ್ತೂ ಇಲ್ಲ. ಆ ಐದಾರು ಮನೆಗಳ ಕಟ್ಟಿಗೆ, ಅವರ ಆಡು ದನಗಳ ಮೇವು ಇದೇ ಗುಡ್ಡದಿಂದ ಬರುತ್ತಿತ್ತು. ನಾನು ಮುಚ್ಚಿದ್ದು ಸರ್ಕಾರದ ನೆಲವನ್ನು, ನನಗಿಂತ ಬಡವರ ಮುಂದೆ. ಎಲ್ಲವನ್ನೂ ತೋಟಿಗರ ಹೆಸರಿಗೆ ಮಾಡಿಕೊಡಿ ಎನ್ನುವ ನನ್ನ ವಾದ ಅಂದೇ ಸಡಿಲವಾಯಿತು. ಆ ಸಂಜೆ ಕೇರಿಯವರ ಜೊತೆ ಕುಳಿತು ಒಂದು ಒಪ್ಪಂದಕ್ಕೆ ಬಂದೆವು: ಬಿದ್ದ ಒಣಕಟ್ಟಿಗೆಯನ್ನು ಯಾರು ಬೇಕಾದರೂ ಒಯ್ಯಬಹುದು, ಕತ್ತಿ ಮಾತ್ರ ತರುವಂತಿಲ್ಲ, ಕೆಳಗಿನ ಇಳಿಜಾರಿನ ಹುಲ್ಲು ಪ್ರತಿವರ್ಷವೂ ಅವರಿಗೆ, ಬೇಸಿಗೆಯಲ್ಲಿ ಬೆಂಕಿ ಕಂಡರೆ ಎಲ್ಲರೂ ಓಡಿ ಬರಬೇಕು. ನನ್ನ ಅನುಭವದಲ್ಲಿ ಬೆಟ್ಟವನ್ನು ಅಗಳಕ್ಕಿಂತ ಹೆಚ್ಚಾಗಿ ಕಾಯ್ದದ್ದು ಈ ಒಪ್ಪಂದದ ಕೊನೆಯ ಮಾತು. ಆಮೇಲಿನ ವರ್ಷಗಳಲ್ಲಿ ಎರಡು ಸಲ ಬೆಂಕಿ ಬಿದ್ದಾಗಲೂ ನನಗಿಂತ ಮೊದಲು ಹಸಿಸೊಪ್ಪಿನ ಕೊಂಬೆ ಹಿಡಿದು ಬಡಿಯುತ್ತಿದ್ದವರು ಅವರೇ.

ಸೊಪ್ಪಿನ ವಿಷಯದಲ್ಲಿ ಬೆಟ್ಟವನ್ನು ಮೂರು ತಾಕು ಮಾಡಿ, ಒಂದು ತಾಕಿಗೆ ಮೂರು ವರ್ಷಕ್ಕೊಮ್ಮೆ ಮಾತ್ರ ಕತ್ತಿ ತಾಗುವಂತೆ ಸರದಿ ಇಟ್ಟುಕೊಂಡೆ. ಹಲಸು, ವಾಟೆ, ಮುರುಗಲು, ಉಪ್ಪಾಗೆಯಂತಹ ಹಣ್ಣಿನ ಮರಗಳನ್ನು ಮುಟ್ಟುವುದಿಲ್ಲ. ಉಳಿದ ಮರಗಳಲ್ಲಿಯೂ ತುದಿಯ ಕುಡಿಗೊಂಬೆಗಳನ್ನು ಬಿಟ್ಟೇ ಕಡಿಯಬೇಕು. ಕಡಿಯುವ ಕ್ರಮವನ್ನು ನನಗೆ ಕಲಿಸಿದವರು ನಮ್ಮಲ್ಲಿಗೆ ಕೆಲಸಕ್ಕೆ ಬರುತ್ತಿದ್ದ ಹಿರಿಯರೊಬ್ಬರು. ಅವರು ಕೊಂಬೆಗೆ ಮೊದಲು ಅಡಿಯಿಂದ ಒಂದು ಪೆಟ್ಟು ಹಾಕಿ, ಆಮೇಲೆ ಸ್ವಲ್ಪ ಮುಂದೆ ಮೇಲಿನಿಂದ ಕಡಿಯುತ್ತಿದ್ದರು. ಕೊಂಬೆ ತನ್ನ ಭಾರಕ್ಕೆ ಮುರಿಯುವಾಗ ಸಿಪ್ಪೆ ಸಿಗಿದು ಕಾಂಡದವರೆಗೆ ಹೋಗುತ್ತಿರಲಿಲ್ಲ. ಅವರು ಕಡಿದ ಮತ್ತಿಯ ಗಾಯ ಎರಡು ಮಳೆಗಾಲದಲ್ಲಿ ಸುತ್ತಲಿಂದ ತುಟಿಯಂತೆ ಮುಚ್ಚಿಕೊಂಡು ಬಂದದ್ದನ್ನೂ, ನಾನು ಕಡಿದದ್ದರಲ್ಲಿ ಗೆದ್ದಲು ಹೊಕ್ಕು ಟೊಳ್ಳಾದದ್ದನ್ನೂ ಪಕ್ಕಪಕ್ಕದ ಮರಗಳಲ್ಲಿ ಈಗಲೂ ತೋರಿಸಬಲ್ಲೆ. ದನಗಳು ಏಳರಿಂದ ಮೂರಕ್ಕೆ ಇಳಿದ ಮೇಲೆ ಹಸಿಸೊಪ್ಪಿನ ಅಗತ್ಯವೇ ಕಡಿಮೆಯಾಯಿತು. ಹೆಚ್ಚಿನದಕ್ಕೆ ದರಕೇ ಸಾಕಾಗುತ್ತದೆ. ಅದನ್ನೂ ಪೂರ್ತಿ ಗುಡಿಸದೆ ಮೂರನೆಯ ಒಂದು ಪಾಲನ್ನು ಮರದ ಬುಡದಲ್ಲಿಯೇ ಬಿಡುತ್ತೇನೆ.

ನೀರು ಕಲಿಸಿದ ಪಾಠ ಬೇರೆಯದೇ. ರಾಜ್ಯದಲ್ಲಿ ಸಾಲು ಬರ ಬಿದ್ದ 2001ರಿಂದ 2003ರವರೆಗಿನ ವರ್ಷಗಳಲ್ಲಿ ನನ್ನ ತೋಟದ ಒರತೆ ಮಾರ್ಚ್ ಹೊತ್ತಿಗೇ ಬತ್ತಿತು. ಆದರೆ ಕೆಳಗಿನ ಮನೆಯವರ ತೋಟದಲ್ಲಿ, ಅವರ ನೆನಪಿನಲ್ಲೇ ಮೊದಲ ಸಲ, ಏಪ್ರಿಲ್ ಕೊನೆಯವರೆಗೂ ಬಾಳೆಕಂದಿನ ಬುಡದಲ್ಲಿ ನೀರು ಜಿನುಗುತ್ತಿತ್ತು. ನಾನು ಹಣ ಹಾಕಿ ಇಂಗಿಸಿದ ನೀರು ಜಂಬಿಟ್ಟಿಗೆಯ ಅಡಿಯ ಜೇಡಿಯ ಇಳಿಜಾರು ಹಿಡಿದು ಅವರಲ್ಲಿಗೆ ಹೋಗಿತ್ತು. ನನಗೆ ಹೊಟ್ಟೆಯುರಿಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. 1882ರ ಈಸ್‌ಮೆಂಟ್ ಕಾಯ್ದೆಯಿಂದ ಬಂದ ನಿಯಮದಂತೆ, ನೆಲದ ಒಡೆಯನಿಗೆ ತನ್ನ ಎಲ್ಲೆಯೊಳಗೆ ನೆಲದಡಿಯ ನೀರನ್ನು ಎತ್ತಿಕೊಳ್ಳುವ ಹಕ್ಕಿದೆ. ಇಂಗಿಸಿದವನಿಗೆ ಮಾತ್ರ ಅದರ ಮೇಲೆ ಯಾವ ಹಕ್ಕೂ ಇಲ್ಲ. ಕೆಳಗಿನ ಮನೆಯ ಯಜಮಾನರು ದೊಡ್ಡ ಮನಸ್ಸಿನವರು. ಸಂಗತಿ ಗಮನಕ್ಕೆ ಬಂದಾಗ ತಾವಾಗಿಯೇ ಮೇಲೆ ಬಂದು, "ತಮಾ, ಮುಂದಿನ ವರ್ಷದ ಅಗಳದ ಖರ್ಚಿನಲ್ಲಿ ನನ್ನದೂ ಪಾಲಿರಲಿ" ಎಂದರು. ಮುಂದೆ ಹಳ್ಳದ ಆಚೆಯ ಮನೆಯವರೂ ಸೇರಿಕೊಂಡರು. ಮೂರು ಮನೆಯವರು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿದ್ದು ಇಷ್ಟು: ಮಳೆ ಮುಗಿದ ಮೇಲೆ ಹಳ್ಳಕ್ಕೆ ಒಟ್ಟಾಗಿ ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಹಾಕುವುದು, ಫೆಬ್ರವರಿಯ ನಂತರ ಸರದಿಯಂತೆ ದಿನಕ್ಕೊಬ್ಬರು ನೀರು ತಿರುಗಿಸಿಕೊಳ್ಳುವುದು, ಮೂವರೂ ಒಪ್ಪದೆ ಯಾರೂ ಕೊಳವೆಬಾವಿ ಕೊರೆಸದಿರುವುದು. ಇಪ್ಪತ್ತು ವರ್ಷ ಇದು ನಡೆದುಕೊಂಡು ಬಂತು.

ಉಪ್ಪಾಗೆಯ ಕಥೆಯನ್ನು ಹೇಳದಿದ್ದರೆ ಈ ಬರಹ ಅಪೂರ್ಣವಾದೀತು. ಮೈ ಕರಗಿಸುವ ಔಷಧಿಗೆಂದು ಹೊರದೇಶಗಳಿಂದ ಬೇಡಿಕೆ ಬಂದು 1990ರ ದಶಕದಲ್ಲಿ ಉಪ್ಪಾಗೆ ಸಿಪ್ಪೆಯ ಬೆಲೆ ಏರಿದಾಗ, ಹಣ್ಣು ಮಾಗುವುದನ್ನು ಕಾಯುವವರು ಕಾಡಿನಲ್ಲಿ ಇಲ್ಲವಾದರು. ನಾನು ಕಾದರೆ ಇನ್ನೊಬ್ಬ ಕೊಯ್ಯುತ್ತಾನೆ ಎಂದು ಹಸಿರು ಕಾಯನ್ನೇ, ಕೊಂಬೆ ಮುರಿದು ಕೊಯ್ಯುತ್ತಿದ್ದರು. ಬೀಜ ಬಲಿಯುತ್ತಿರಲಿಲ್ಲ, ಬೀಜದಿಂದ ತೆಗೆಯುವ ಉಪ್ಪಾಗೆ ತುಪ್ಪಕ್ಕೂ ಬರುತ್ತಿರಲಿಲ್ಲ, ಸಸಿಯೂ ಹುಟ್ಟುತ್ತಿರಲಿಲ್ಲ. ಅದೇ ಜುಲೈ ತಿಂಗಳಲ್ಲಿ ನಮ್ಮ ಬೆಟ್ಟದ ಮರಗಳ ಅಡಿಯಲ್ಲಿ ಹಳದಿಯಾಗಿ ಉದುರಿದ ಹಣ್ಣನ್ನು ಹೆಡಿಗೆಯಲ್ಲಿ ಹೆಕ್ಕಿ ತರುತ್ತಿದ್ದೆವು. ಇಲ್ಲಿಯವರೆಗೆ ಇದು ಖಾಸಗಿ ಹಿಡಿತದ ಪರವಾದ ಸಾಕ್ಷಿಯೇ ಸರಿ. ಆದರೆ ಜನರನ್ನು ಸೇರಿಸಿಕೊಂಡು ಕಾಡು ನೋಡಿಕೊಳ್ಳುವ 1993ರ ಸರ್ಕಾರಿ ಆದೇಶದ ನಂತರ ರಾಜ್ಯದಲ್ಲಿ ಹುಟ್ಟಿಕೊಂಡ ಗ್ರಾಮ ಅರಣ್ಯ ಸಮಿತಿಗಳಲ್ಲಿ ನಮ್ಮ ಊರಿನದೂ ಒಂದು. ಅದರ ಸಭೆಯಲ್ಲಿ ಕೊಯ್ಲಿಗೆ ದಿನ ಗೊತ್ತುಮಾಡಿ, ಅದಕ್ಕೆ ಮೊದಲು ತಂದ ಸಿಪ್ಪೆಯನ್ನು ಊರಿನ ವ್ಯಾಪಾರಿಗಳು ಕೊಳ್ಳಬಾರದೆಂದು ಅವರನ್ನೇ ಕರೆಸಿ ಒಪ್ಪಿಸಿದ ಮೇಲೆ, ಯಾರ ಹೆಸರಿನಲ್ಲೂ ಇಲ್ಲದ, ಊರವರ ಬಳಕೆಗೆ ಬಿಟ್ಟ ಮೈನರ್ ಅರಣ್ಯದಲ್ಲಿಯೂ ಹಣ್ಣು ಮಾಗತೊಡಗಿತು. ಕದ್ದು ಕೊಯ್ಯುವವರು ಇದ್ದೇ ಇದ್ದರು, ಈಗಲೂ ಇದ್ದಾರೆ. ಆದರೆ ಬಹುಪಾಲು ಜನ ಕಾದರು. ನೆಲದ ಒಡೆತನ ಕಿಂಚಿತ್ತೂ ಬದಲಾಗದೆ, ಕಾದವನಿಗೆ ನಷ್ಟವಿಲ್ಲ ಎಂಬ ಭರವಸೆಯಿಂದಲೇ ಇದು ಸಾಧ್ಯವಾಯಿತು. ಕುಮಟಾ ತಾಲ್ಲೂಕಿನ ಹಳಕಾರದ ಜನ ಸ್ವಾತಂತ್ರ್ಯಕ್ಕೂ ಮೊದಲಿನಿಂದ ತಮ್ಮ ಗ್ರಾಮ ಅರಣ್ಯವನ್ನು ಕಾಯ್ದುಕೊಂಡು ಬಂದಿರುವ ವಿಷಯವನ್ನು ಅಂದಿನ ಸಭೆಯಲ್ಲಿ ಹಿರಿಯರೊಬ್ಬರು ಎತ್ತಿ ಹೇಳಿದ್ದು ನಮಗೆಲ್ಲ ಧೈರ್ಯ ಕೊಟ್ಟಿತ್ತು.

ಸರ್ಕಾರದ ಒಡೆತನದ ತೊಡಕು ಹೆಚ್ಚಾಗಿ ಕಾಣುವುದು ಮರದ ವಿಷಯದಲ್ಲಿ. ಶ್ರೀಗಂಧ ಯಾರ ನೆಲದಲ್ಲಿ ಹುಟ್ಟಿದರೂ ಸರ್ಕಾರದ್ದು ಎಂದಿದ್ದ ಕಾಲದಲ್ಲಿ, ತೋಟದಂಚಿನಲ್ಲಿ ತಾನಾಗಿ ಎದ್ದ ಗಂಧದ ಸಸಿಯನ್ನು ಚಿಕ್ಕದಿರುವಾಗಲೇ ಕಿತ್ತೆಸೆಯುತ್ತಿದ್ದುದನ್ನು ನಾನೇ ನೋಡಿದ್ದೇನೆ. ಅರಣ್ಯ ಕಾಯ್ದೆಗೆ 2001ರಲ್ಲಿ ಬಂದ ತಿದ್ದುಪಡಿಯ ನಂತರ ಖಾಸಗಿ ಜಮೀನಿನ ಗಂಧ ಅದರ ಹಿಡುವಳಿದಾರನದಾಯಿತು. ಈಗ ಜನ ದುಡ್ಡು ಕೊಟ್ಟು ಸಸಿ ತಂದು ನೆಡುತ್ತಾರೆ. ನನ್ನ ಬೆಟ್ಟದಲ್ಲಿ ನಾನು ನೆಟ್ಟು ಬೆಳೆಸಿದ ಹೊನ್ನೆ ಮರಗಳಿವೆ. ಅವುಗಳಲ್ಲೊಂದು ಗಾಳಿಗೆ ಬಿದ್ದು ದಾರಿಗೆ ಅಡ್ಡವಾದಾಗ, ಸರಿಸಲು ಒಪ್ಪಿಗೆ ಸಿಗುವ ಹೊತ್ತಿಗೆ ಎರಡು ಮಳೆಗಾಲ ಕಳೆದು ಮರ ಕೊಳೆತು ಲಡ್ಡಾಗಿತ್ತು. ಕಚೇರಿಯಲ್ಲಿದ್ದವರು ಕೆಟ್ಟವರೇನಲ್ಲ, ಆ ಮರದಿಂದ ಅವರಿಗೆ ಬರುವುದೂ ಹೋಗುವುದೂ ಏನೂ ಇರಲಿಲ್ಲ. ನೆಟ್ಟವನಿಗೆ ಅದರಲ್ಲಿ ಸಣ್ಣ ಪಾಲನ್ನಾದರೂ ಕೊಡುವ ನಿಯಮ ಬೆಟ್ಟಕ್ಕೆ ಬರಬೇಕೆಂದು ನಾನು ಇಂದಿಗೂ ಅರ್ಜಿ ಹಾಕುತ್ತಲೇ ಇದ್ದೇನೆ.

ಬೆಟ್ಟ ತುಂಬಿಕೊಂಡಂತೆ ಪ್ರಾಣಿಗಳೂ ಬಂದವು. ಕಾಡುಹಂದಿ ಮತ್ತು ಮಂಗಗಳಿಂದ ಆಗುವ ನಷ್ಟ ಸಣ್ಣದಲ್ಲ. 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ತಡೆದದ್ದು ಸರಿಯೆಂದೇ ನಾನು ನಂಬುತ್ತೇನೆ; ಆ ಕಾಯ್ದೆಯಿಲ್ಲದೆ ಹೋಗಿದ್ದರೆ ನಮ್ಮ ಕಡೆ ಕಡವೆಯ ಹೆಸರನ್ನಷ್ಟೇ ಮಕ್ಕಳಿಗೆ ಹೇಳಬೇಕಾಗುತ್ತಿತ್ತು. ಆದರೆ ಪ್ರಾಣಿ ಸರ್ಕಾರದ್ದು, ಅದು ತಿಂದ ಬೆಳೆ ರೈತನದು ಎಂಬಲ್ಲಿ ಲೆಕ್ಕ ಹೊಂದುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಗೂಡು ಕಟ್ಟುವುದು ರೈತರ ಸ್ವಂತ ಹುಣಸೆ ಮರಗಳಲ್ಲಿ. ಹಣ್ಣು ಬಿಟ್ಟುಕೊಡುವ ಮನೆಗಳಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತ ಬಂದಿದೆ, 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೂ ಆಯಿತು. ಬೆಟ್ಟ ಕಾಯುವವರಿಗೂ ಅಂಥದ್ದೊಂದು ಏರ್ಪಾಡು ಅಸಾಧ್ಯವೆಂದು ನನಗನ್ನಿಸುವುದಿಲ್ಲ. ಸದ್ಯಕ್ಕೆ ನಾನು ಮಾಡಿಕೊಂಡಿರುವುದೆಂದರೆ, ಹಣ್ಣಿನ ಮರಗಳನ್ನೆಲ್ಲ ಬೆಟ್ಟದ ಮೇಲಿನ ಅಂಚಿನಲ್ಲಿ ಬೆಳೆಸಿರುವುದು; ಹಲಸು, ಮುರುಗಲು ಅಲ್ಲಿರುವ ತಿಂಗಳುಗಳಲ್ಲಿ ಮಂಗಗಳು ತೋಟಕ್ಕೆ ಇಳಿಯುವುದು ಕಡಿಮೆ.

ಕೆಳಗಿನ ಮನೆಯ ಯಜಮಾನರು ತೀರಿಕೊಂಡ ಮೇಲೆ ಅವರ ಮಕ್ಕಳು ತೋಟವನ್ನು ಮಾರಿದರು. ಕೊಂಡವರು ಬೆಂಗಳೂರಿನಲ್ಲಿರುತ್ತಾರೆ, ಸಜ್ಜನರು. ಅವರಿಗೆ ದನವಿಲ್ಲ, ದರಕಿನ ಅಗತ್ಯವಿಲ್ಲ. ಬೆಟ್ಟದ ಬುಡದಲ್ಲಿ ಕೊಳವೆಬಾವಿ ಕೊರೆಸುವ ಯೋಚನೆ ಅವರದು. ನಾವು ಮೂರು ಮನೆಯವರು ಬರೆದುಕೊಂಡ ಹಾಳೆ ನೋಂದಣಿಯಾದದ್ದಲ್ಲ, ಅವರನ್ನು ಕಟ್ಟಿಹಾಕುವುದಿಲ್ಲ ಎಂಬುದು ನನಗೆ ಗೊತ್ತಿದೆ. ಕಳೆದ ತಿಂಗಳು ಅವರನ್ನು ಬೆಟ್ಟದ ತುದಿಯವರೆಗೂ ಕರೆದುಕೊಂಡು ಹೋಗಿ, ಅಗಳದಲ್ಲಿ ಇಂಗಿದ ನೀರು ಅವರ ತೋಟದಲ್ಲಿ ಎಲ್ಲಿ ಏಳುತ್ತದೆಂಬುದನ್ನು ತೋರಿಸಿದೆ. ದೀಪಾವಳಿಯವರೆಗೆ ಸಮಯ ಕೇಳಿದ್ದಾರೆ. ಅಷ್ಟರಲ್ಲಿ ಮಳೆ ಹಿಡಿಯುವುದರಿಂದ, ಅವರ ಬದಿಯ ಅಗಳದ ಹೂಳನ್ನೂ ಈ ಸಲ ನಾವು ಎರಡು ಮನೆಯವರೇ ತೆಗೆಸಿ, ಕೂಲಿಯ ಲೆಕ್ಕವನ್ನು ಬರೆದು ಅವರಿಗೆ ಕಳಿಸಿದ್ದೇವೆ.