ಕೊಡಗಿನಲ್ಲಿದ್ದೇ ಆನ್‌ಲೈನ್‌ನಲ್ಲಿ ಕ್ರಿಟಿಕಲ್ ಕೇರ್ ಓದುವುದು ಹೇಗೆ?

ಕ್ರಿಟಿಕಲ್ ಕೇರ್ ಎಂದರೆ ಐಸಿಯುವಿನಲ್ಲಿ ಕೊಡುವ ತೀವ್ರ ನಿಗಾ ಚಿಕಿತ್ಸೆ. ಅದರ ಕೋರ್ಸ್‌ಗೆ ಶುಲ್ಕ ಕಟ್ಟುವ ಮುಂಚೆ ಒಂದು ವಿಷಯ ಇತ್ಯರ್ಥವಾಗಬೇಕು. ಆನ್‌ಲೈನ್ ಸ್ನಾತಕೋತ್ತರ ಪದವಿಯೊಂದರ ಬಲದ ಮೇಲೆ ಭಾರತದಲ್ಲಿ ತಜ್ಞರಾಗಿ ನೋಂದಣಿ ಮಾಡಿಸಿಕೊಳ್ಳಲು ಬರುವುದಿಲ್ಲ. ವೈದ್ಯಕೀಯ, ನರ್ಸಿಂಗ್, ಫಿಸಿಯೋಥೆರಪಿ ಪದವಿಗಳನ್ನು ಆನ್‌ಲೈನ್ ಅಥವಾ ದೂರಶಿಕ್ಷಣದಲ್ಲಿ ನೀಡುವಂತಿಲ್ಲ ಎನ್ನುತ್ತದೆ ಯುಜಿಸಿಯ 2020ರ ನಿಯಮಾವಳಿ. ಹಾಗಾಗಿ ದೇಶದೊಳಗಿನ ಯಾವುದಾದರೂ ವಿಶ್ವವಿದ್ಯಾಲಯ ‘ಮನೆಯಲ್ಲೇ ಕುಳಿತು ಕ್ರಿಟಿಕಲ್ ಕೇರ್ ನರ್ಸಿಂಗ್ ಎಂಎಸ್ಸಿ’ ಎಂದು ಜಾಹೀರಾತು ಕೊಟ್ಟಿದ್ದರೆ ಆ ಪುಟವನ್ನು ಅಲ್ಲಿಗೇ ಮುಚ್ಚಿ. ವೈದ್ಯರಿಗೆ ತಜ್ಞತೆಯ ದಾರಿ ನೀಟ್ ಎಸ್‌ಎಸ್ ಪ್ರವೇಶ ಪರೀಕ್ಷೆ ಬರೆದು ಮಾಡುವ 3 ವರ್ಷದ ಡಿಎಂ ಅಥವಾ ಡಿಆರ್‌ಎನ್‌ಬಿ ಎಂಬ ಉನ್ನತ ತಜ್ಞ ಪದವಿ. ನರ್ಸ್‌ಗಳಿಗೆ ಭಾರತೀಯ ನರ್ಸಿಂಗ್ ಪರಿಷತ್ತಿನ 2 ವರ್ಷದ ನರ್ಸ್ ಪ್ರಾಕ್ಟೀಷನರ್ ಕೋರ್ಸ್ ಇದೆ. ಇವೆರಡೂ ಆಸ್ಪತ್ರೆಯಲ್ಲೇ ಇದ್ದು ಕಲಿಯುವಂಥವು.

ಹಾಗಾದರೆ ಆನ್‌ಲೈನ್ ಓದು ಯಾರಿಗೆ? ಈಗಾಗಲೇ ಐಸಿಯು, ತುರ್ತು ವಿಭಾಗ, ಅರಿವಳಿಕೆ ವಿಭಾಗದಲ್ಲಿ ಕೆಲಸ ಮಾಡುತ್ತಿರುವವರಿಗೆ. ಸಂಶೋಧನಾ ಪ್ರಬಂಧವನ್ನು ಸರಿಯಾಗಿ ಓದುವುದು, ತಮ್ಮ ಘಟಕಕ್ಕೆ ಚಿಕಿತ್ಸಾ ಕ್ರಮ (ಪ್ರೊಟೊಕಾಲ್) ಬರೆಯುವುದು, ಕಿರಿಯರಿಗೆ ಕಲಿಸುವುದು ಇದರಿಂದ ಸಾಧ್ಯ. ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಎಂಬ ಕೊಳವೆ ಹಾಕುವ ಕೈಚಳಕ ಇದರಿಂದ ಬರುವುದಿಲ್ಲ.

ಎಷ್ಟು ಗಂಟೆ ಬೇಕು?

ಎಡಿನ್‌ಬರೊ ವಿಶ್ವವಿದ್ಯಾಲಯದ ಅರೆಕಾಲಿಕ ಆನ್‌ಲೈನ್ ಎಂಎಸ್ಸಿಯಂಥ ಬ್ರಿಟಿಷ್ ಕೋರ್ಸ್‌ಗಳಲ್ಲಿ ಲೆಕ್ಕ ಸರಳ. 60 ಕ್ರೆಡಿಟ್‌ಗೆ ಸರ್ಟಿಫಿಕೇಟ್, 120ಕ್ಕೆ ಡಿಪ್ಲೊಮಾ, 180ಕ್ಕೆ ಎಂಎಸ್ಸಿ. ಒಂದು ಕ್ರೆಡಿಟ್ ಎಂದರೆ 10 ಗಂಟೆಯ ಓದು. 20 ಕ್ರೆಡಿಟ್‌ನ ವಿಷಯವನ್ನು 10 ವಾರಗಳಲ್ಲಿ ಮುಗಿಸಬೇಕಾದರೆ ವಾರಕ್ಕೆ 20 ಗಂಟೆ. ‘ರಾತ್ರಿ ಊಟವಾದ ಮೇಲೆ ಸ್ವಲ್ಪ ಓದಿದರಾಯಿತು’ ಎಂದುಕೊಂಡವರು ಮೊದಲ ವಿಷಯಕ್ಕೇ ಸುಸ್ತಾಗುತ್ತಾರೆ. ಮೊದಲು ಸರ್ಟಿಫಿಕೇಟ್‌ಗೆ ಮಾತ್ರ ಸೇರಿಕೊಂಡು, ಆಮೇಲೆ ಮುಂದುವರಿಸಲು ಅವಕಾಶವಿದೆಯೇ ಎಂದು ಕೇಳಿ. ಹಣಕ್ಕೂ ಅದೇ ಕ್ಷೇಮ.

ಅಲ್ಲಿ ಶೈಕ್ಷಣಿಕ ವರ್ಷ ಸೆಪ್ಟೆಂಬರ್‌ನಲ್ಲಿ ಶುರು. ಮೊದಲ ಸೆಮಿಸ್ಟರ್‌ನ ಅಸೈನ್‌ಮೆಂಟ್‌ಗಳು ಬಂದು ಕೂರುವುದು ನವೆಂಬರ್, ಡಿಸೆಂಬರ್‌ಗೆ, ಅಂದರೆ ಹುತ್ತರಿ ಮತ್ತು ಕಾಫಿ ಕೊಯ್ಲಿನ ಹೊತ್ತಿಗೆ. ತೋಟ ಇರುವ ಮನೆಯವರು ಆ ವಾರಗಳ ಡ್ಯೂಟಿ ರೋಸ್ಟರ್ ಮತ್ತು ಕೆಲಸಗಾರರ ವ್ಯವಸ್ಥೆಯನ್ನು ಅಕ್ಟೋಬರ್‌ನಲ್ಲೇ ಗೊತ್ತುಮಾಡಿಕೊಳ್ಳಲಿ. ಗಡಿಯಾರದ ಕಾಟ ಬೇರೆ. ಬ್ರಿಟನ್ ಬೇಸಿಗೆಯಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಕ್ಟೋಬರ್‌ನ ಕೊನೆಯ ಭಾನುವಾರದಿಂದ ಮಾರ್ಚ್‌ನ ಕೊನೆಯ ಭಾನುವಾರದವರೆಗೆ ಐದೂವರೆ ಗಂಟೆ. ಅಲ್ಲಿನ ಸಂಜೆ 7ರ ತರಗತಿ ಚಳಿಗಾಲದಲ್ಲಿ ನಮಗೆ ರಾತ್ರಿ 12.30ಕ್ಕೆ. ತರಗತಿಯ ಧ್ವನಿಮುದ್ರಿಕೆ ಸಿಗುತ್ತದೆಯೇ, ಹಾಜರಿ ಕಡ್ಡಾಯವೇ ಎಂಬುದನ್ನು ಸೇರುವ ಮೊದಲೇ ಇಮೇಲ್‌ನಲ್ಲಿ ಕೇಳಿ ಇಟ್ಟುಕೊಳ್ಳಿ.

ದಾಖಲೆಗಳು

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್, ಕೌನ್ಸಿಲ್ ನೋಂದಣಿ ಪತ್ರ, ಸೇವಾನುಭವ ಪತ್ರ, ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಪರೀಕ್ಷೆಯ ಅಂಕ, ಇಬ್ಬರ ಶಿಫಾರಸು ಪತ್ರ: ಸಾಮಾನ್ಯವಾಗಿ ಕೇಳುವುದು ಇಷ್ಟೇ. ಸರ್ಕಾರಿ ಸೇವೆಯಲ್ಲಿದ್ದರೆ ಇಲಾಖೆಯ ಲಿಖಿತ ಅನುಮತಿಯೂ ಬೇಕು. ಇಲ್ಲಿನವರಿಗೆ ತೊಡಕಾಗುವುದು ಹೆಸರು. ಅಂಕಪಟ್ಟಿಯಲ್ಲಿ ಮನೆತನದ ಹೆಸರು ಬರೀ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದೇ ಪೂರ್ತಿ ಸರ್‌ನೇಮ್, ಮದುವೆಯಾದ ಮೇಲೆ ಮಾಡಿಸಿದ ಆಧಾರ್‌ನಲ್ಲಿ ಗಂಡನ ಮನೆ ಹೆಸರು. ಮೂರೂ ಒಬ್ಬರದೇ ಎಂದು ನೋಟರಿ ಅಫಿಡವಿಟ್ ಮಾಡಿಸಿ ಅರ್ಜಿಯ ಜೊತೆಗೇ ಲಗತ್ತಿಸಿ. ಅವರು ಕೇಳಿದ ಮೇಲೆ ಓಡಾಡಿದರೆ ಒಂದು ಪ್ರವೇಶಾವಧಿಯೇ ಕೈತಪ್ಪಬಹುದು.

ಕರೆಂಟು, ನೆಟ್‌ವರ್ಕ್

ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಟವರ್‌ನ ಬ್ಯಾಟರಿಯೂ ಕೆಲವು ಗಂಟೆಗಳಲ್ಲಿ ಖಾಲಿಯಾಗುತ್ತದೆ. ಆದ್ದರಿಂದ ಮೊಬೈಲ್ ಡೇಟಾ ಒಂದನ್ನೇ ನಂಬಬೇಡಿ. ಫೈಬರ್ ಸಂಪರ್ಕವಿದ್ದರೆ ರೂಟರ್‌ಗೆಂದೇ ಸಿಗುವ 12 ವೋಲ್ಟ್‌ನ ಪುಟ್ಟ ಯುಪಿಎಸ್ ಸಾಕು. ಕೊಳ್ಳುವ ಮುನ್ನ ಅಡಾಪ್ಟರ್‌ನ ಮೇಲಿರುವ ವೋಲ್ಟ್, ಆಂಪಿಯರ್ ನೋಡಿಕೊಳ್ಳಿ. ಸಿಡಿಲಿನ ಹೊತ್ತಿನಲ್ಲಿ ಎಲ್ಲ ಅಡಾಪ್ಟರ್‌ಗಳನ್ನೂ ಗೋಡೆಯ ಪ್ಲಗ್‌ನಿಂದ ಕಿತ್ತಿಡಿ. ವಾರದ ಪಿಡಿಎಫ್, ವಿಡಿಯೊಗಳನ್ನು ಭಾನುವಾರವೇ ಇಳಿಸಿಕೊಂಡರೆ ಅರ್ಧ ತಲೆನೋವು ಕಡಿಮೆ.

ಓದಿದ್ದನ್ನು ಹಾಸಿಗೆಯ ಬಳಿಗೆ ಒಯ್ಯುವುದು

ಇದೇ ಮುಖ್ಯ. ಎಆರ್‌ಡಿಎಸ್ (ಶ್ವಾಸಕೋಶಗಳು ಏಕಾಏಕಿ ಸೋತು ಉಸಿರಾಟ ತೀವ್ರವಾಗಿ ಕಷ್ಟವಾಗುವ ಸ್ಥಿತಿ) ರೋಗಿಗಳ ಕುರಿತ 2000ನೇ ಇಸವಿಯ ಅಮೆರಿಕದ ಅಧ್ಯಯನವನ್ನೇ ನೋಡಿ. ವೆಂಟಿಲೇಟರ್ ಕೊಡುವ ಪ್ರತಿ ಉಸಿರಿನ ಪ್ರಮಾಣವನ್ನು ಕೆ.ಜಿ.ಗೆ 12 ಮಿ.ಲೀ. ಬದಲು 6ಕ್ಕೆ ಇಳಿಸಿದಾಗ ಸಾವಿನ ಪ್ರಮಾಣ ಶೇ 39.8ರಿಂದ ಶೇ 31ಕ್ಕೆ ಇಳಿಯಿತು. ಆ ಸಂಖ್ಯೆ ಎಲ್ಲರಿಗೂ ಬಾಯಿಪಾಠ. ಆದರೆ ಆ ‘ಕೆ.ಜಿ.’ ತಕ್ಕಡಿಯ ತೂಕವಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕ. ಮಹಿಳೆಗೆ 45.5, ಪುರುಷರಿಗೆ 50, ಅದಕ್ಕೆ, ಸೆಂ.ಮೀ.ನಲ್ಲಿರುವ ಎತ್ತರದಿಂದ 152.4 ಕಳೆದು 0.91ರಿಂದ ಗುಣಿಸಿ ಬಂದದ್ದನ್ನು ಕೂಡಬೇಕು. 155 ಸೆಂ.ಮೀ. ಎತ್ತರದ, 70 ಕೆ.ಜಿ. ತೂಗುವ ಮಹಿಳೆಗೆ ಸುಮಾರು 48 ಕೆ.ಜಿ. ಬರುತ್ತದೆ. ಕೊಡಬೇಕಾದದ್ದು 290 ಮಿ.ಲೀ. ಆಸುಪಾಸು. ತಕ್ಕಡಿ ನಂಬಿದರೆ 420 ಆಗಿಬಿಡುತ್ತದೆ; ಶ್ವಾಸಕೋಶಕ್ಕೆ ಪೆಟ್ಟು ಬೀಳುವುದು ಹೀಗೆ. ಕೇಸ್‌ಶೀಟ್‌ನಲ್ಲಿ ತೂಕ ಬರೆದಿರುತ್ತಾರೆ, ಎತ್ತರದ ಕಾಲಂ ಖಾಲಿ ಬಿಟ್ಟಿರುತ್ತಾರೆ. ಹಾಸಿಗೆಯನ್ನು ಸಪಾಟು ಮಾಡಿ, ಹಿಮ್ಮಡಿಯಿಂದ ನೆತ್ತಿಯವರೆಗೆ ಟೇಪು ಹಿಡಿದು ಅಳೆಯಿರಿ. ಪ್ಲಾಟೋ ಒತ್ತಡ (ಉಸಿರು ಒಳಹೋಗಿ ನಿಂತ ಕ್ಷಣದಲ್ಲಿ ಶ್ವಾಸಕೋಶದೊಳಗಿನ ಒತ್ತಡ) 30 ಸೆಂ.ಮೀ. ನೀರಿನ ಮಟ್ಟ ಮೀರಿಲ್ಲವೇ ಎಂದೂ ನೋಡಿ. ಪ್ರತಿ ವಾರ ಓದಿದ ಒಂದೇ ಒಂದು ವಿಷಯವನ್ನು ಹೀಗೆ ನಿಮ್ಮ ಘಟಕದಲ್ಲಿ ಪರಿಶೀಲಿಸಿದರೆ ವರ್ಷದ ಕೊನೆಗೆ ಪ್ರಾಜೆಕ್ಟ್‌ಗೆ ಬೇಕಾದ ವಿಷಯ ತಾನಾಗಿ ಸಿಗುತ್ತದೆ.

ಅಸೈನ್‌ಮೆಂಟ್‌ಗೆ ನಮ್ಮ ರೋಗಗಳನ್ನೇ ಆರಿಸಿಕೊಳ್ಳಿ. ನಮ್ಮ ಬಹುಮುಖಿ ಪ್ರತಿವಿಷ ಕೆಲಸ ಮಾಡುವುದು ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲಗಳ ವಿಷಕ್ಕೆ ಮಾತ್ರ. ಪಶ್ಚಿಮಘಟ್ಟದ ಹಂಪ್‌ನೋಸ್ಡ್ ಪಿಟ್ ವೈಪರ್ ಕಚ್ಚಿ ರಕ್ತ ಹೆಪ್ಪುಗಟ್ಟದೆ, ಮೂತ್ರಪಿಂಡ ಸೋತ ರೋಗಿಗೆ ಅದು ನಾಟುವುದಿಲ್ಲ. ಬ್ರಿಟನ್‌ನ ಪರೀಕ್ಷಕರಿಗೂ ಇದು ಹೊಸತು. ಇಲಿಜ್ವರ, ಕೀಟನಾಶಕದ ವಿಷ, ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರ ಬೆನ್ನುಹುರಿ ಪೆಟ್ಟು ಕೂಡ ಹಾಗೆಯೇ. ಆದರೆ ಊರು, ವಯಸ್ಸು, ದಿನಾಂಕ ಬರೆಯಬೇಡಿ. ಈ ಪುಟ್ಟ ಜಿಲ್ಲೆಯಲ್ಲಿ ಊರು, ವಯಸ್ಸು ಹೇಳಿದರೆ ಸಾಕು, ಯಾರ ಮನೆಯವರು ಎಂದು ಗೊತ್ತಾಗುತ್ತದೆ. ಮಾನಿಟರ್‌ನ ಫೋಟೊ ತೆಗೆದರೂ ಮೂಲೆಯಲ್ಲಿ ಹೆಸರು ಉಳಿದಿರುತ್ತದೆ.

ಕೈಕೆಲಸಕ್ಕೆ ಬೇರೆ ಏರ್ಪಾಡು ಬೇಕು. ಮಾಡಿದ, ನೋಡಿದ ಪ್ರಕ್ರಿಯೆಗಳ ಪಟ್ಟಿ ಬರೆದು ಹಿರಿಯ ಅರಿವಳಿಕೆ ತಜ್ಞರಿಂದ ಸಹಿ ಹಾಕಿಸಿ. ನಿಮ್ಮ ಆಸ್ಪತ್ರೆಯಲ್ಲಿ ಇಲ್ಲದ್ದನ್ನು ನೋಡಲು ರಜೆಯಲ್ಲಿ ಮೈಸೂರು ಅಥವಾ ಮಂಗಳೂರಿನ ದೊಡ್ಡ ಐಸಿಯುವಿನಲ್ಲಿ ವೀಕ್ಷಕರಾಗಿ ಎರಡು ವಾರ ಇರಲು ಅನುಮತಿ ಕೇಳಿ.

ಗಡುವು ತಪ್ಪಿದರೆ ಹಲವು ವಿಶ್ವವಿದ್ಯಾಲಯಗಳು ದಿನದ ಲೆಕ್ಕದಲ್ಲಿ ಅಂಕ ಕಳೆಯುತ್ತವೆ. ಭೂಕುಸಿತವೋ ಮೂರು ದಿನ ಕತ್ತಲೆಯೋ ಆದರೆ ಗಡುವಿಗೆ ಮೊದಲೇ, ಫೋನ್‌ನಿಂದಲಾದರೂ ವಿಸ್ತರಣೆ ಕೇಳಿ. ವಿದ್ಯುತ್ ಕಡಿತದ ಎಸ್‌ಎಂಎಸ್ ಅಥವಾ ಜಿಲ್ಲಾಡಳಿತದ ಪ್ರಕಟಣೆಯ ಸ್ಕ್ರೀನ್‌ಶಾಟ್ ಜೊತೆಗಿರಲಿ. ಕೊಡಗಿನ ಮಳೆ ಎಂಥದ್ದು ಎಂದು ಅಲ್ಲಿನ ಗುಮಾಸ್ತರಿಗೆ ಗೊತ್ತಿರುವುದಿಲ್ಲ.