ಫೋಟೋ ತುಂಬಾ ಬಿಳಿ ಚುಕ್ಕೆ, ಕೊನೆಗೂ ಸರಿಹೋಯ್ತು

ಹೋದ ಡಿಸೆಂಬರ್‌ನಲ್ಲಿ ಹೊನ್ನೆಮರಡು ಹತ್ರ ಶರಾವತಿ ಹಿನ್ನೀರಿನ ದಡದಲ್ಲಿ ಟೆಂಟ್ ಹಾಕಿದ್ವಿ, ರಾತ್ರಿ ನನ್ನ ಪುಟಾಣಿ ಕ್ಯಾಮೆರಾದಲ್ಲಿ ತೆಗೆದ ಫೋಟೋದಲ್ಲೆಲ್ಲಾ ಬರೀ ಬಿಳಿ ಗುಂಡು ಚುಕ್ಕೆ. ಜೊತೆಗಿದ್ದವ್ರು ದೆವ್ವ ಅಂತ ನಕ್ರು, ನಾನು ಲೆನ್ಸ್ ಒರೆಸಿ ಒರೆಸಿ ಸುಸ್ತಾದೆ. ಆಮೇಲೆ ಟಾರ್ಚ್ ಬೆಳಕಲ್ಲಿ ಮಂಜಿನ ಹನಿ ತೇಲೋದು ಕಂಡಾಗ ಹೊಳೀತು, ಇಂಥ ಕ್ಯಾಮೆರಾದಲ್ಲಿ ಫ್ಲಾಶ್ ಲೆನ್ಸ್ ಪಕ್ಕದಲ್ಲೇ ಇರುತ್ತಲ್ಲ, ಹತ್ತಿರದ ಹನಿಗೆ ಬಡಿದ ಬೆಳಕು ಸೀದಾ ವಾಪಸ್ ಬರುತ್ತೆ, ಫೋಕಸ್ ಇಲ್ದೆ ಗುಂಡಗೆ ಕಾಣುತ್ತೆ. ಫ್ಲಾಶ್ ಆಫ್ ಮಾಡ್ದೆ. ಅದಿಲ್ದೆ ಕತ್ತಲಲ್ಲಿ ಫೋಟೋ ಬರ್ಬೇಕಂದ್ರೆ ಸುಮಾರು ಹೊತ್ತು ಬೆಳಕು ಒಳಗೆ ಬಿಡ್ಬೇಕು, ಅಷ್ಟು ಹೊತ್ತೂ ಕ್ಯಾಮೆರಾ ಕದಲಬಾರ್ದು. ಟ್ರೈಪಾಡ್ ಎಲ್ಲಿಂದ ತರೋದು, ಕಲ್ಲಿನ ಮೇಲೆ ಅಕ್ಕಿ ಚೀಲ ಇಟ್ಟು ಅದ್ರ ಮೇಲೆ ಕ್ಯಾಮೆರಾ ಕೂರ್ಸಿ ಐಎಸ್‌ಓ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) 200, ಶಟರ್ 8 ಸೆಕೆಂಡು ತೆರೆದಿರೋ ಹಾಗೆ ಇಟ್ಟೆ, ಬಟನ್ ಒತ್ತುವಾಗ ಅಲ್ಲಾಡ್ಬಾರ್ದು ಅಂತ 2 ಸೆಕೆಂಡ್ ಟೈಮರ್. ಟೆಂಟ್ ಒಳಗೆ ಟಾರ್ಚ್ ಹಚ್ಚಿಟ್ವಿ, ನೀರಲ್ಲಿ ಅದರ ಬಿಂಬ ಸಮೇತ ಬಂತು ನೋಡಿ! ಅಕ್ಕಿ ಚೀಲ ಇಬ್ಬನಿಗೆ ಒದ್ದೆಯಾಗಿ ಬೈಸ್ಕೊಂಡಿದ್ದು ಬೇರೆ ವಿಷ್ಯ.